ಹಾಡು ಹಿಡಿಯುವ ಯಂತ್ರ

ದೇವನೂರಿನಿಂದ ಬಂದ ಕಾಗದವೊಂದು ಹದಿನೈದು ದಿನ ನನ್ನ ಮೇಜಿನ ಮೇಲಿತ್ತು. ಬರೆದವರು ಐವರು ತರುಣರು. ತಾವು ಹವ್ಯಾಸಕ್ಕಾಗಿ ಕೂಡಿ ಹಾಡುವವರೆಂದೂ, ತಮ್ಮಲ್ಲಿ ತಂಬೂರಿ ಎರಡು, ದಮ್ಮಡಿ ಒಂದು, ಹಾರ್ಮೋನಿಯಂ ಒಂದು, ಗಿಟಾರು ಒಂದು, ಹಳೆಯ ಲ್ಯಾಪ್‌ಟಾಪು ಒಂದು ಇವೆಯೆಂದೂ, ಹಾಡುಗಳನ್ನು ಮುದ್ರಿಸಿಕೊಳ್ಳಲು ಯಾವ ತಂತ್ರಾಂಶ ಒಳ್ಳೆಯದೆಂಬುದನ್ನು ತಿಳಿಸಬೇಕೆಂದೂ ಕೇಳಿದ್ದರು. ಇಷ್ಟೇ ಆಗಿದ್ದರೆ ನಾಲ್ಕು ಸಾಲಿನ ಉತ್ತರ ಬರೆದು ಸುಮ್ಮನಾಗುತ್ತಿದ್ದೆ. ಆದರೆ ಕಾಗದದ ಕೊನೆಯಲ್ಲಿ, ಬೇರೆ ಕೈಬರಹದಲ್ಲಿ, ಇನ್ನೆರಡು ವಾಕ್ಯಗಳಿದ್ದವು: "ನಮ್ಮ ತಾತನವರಿಗೆ ಎಂಬತ್ತು ದಾಟಿದೆ. ಅವರ ಹಾಡು ಹೋದರೆ ಮತ್ತೆ ಸಿಕ್ಕುವುದಿಲ್ಲ."

ಇಂಥ ಕಾಗದಕ್ಕೆ ಅಂಚೆಯಲ್ಲಿ ಉತ್ತರ ಕಳುಹಿಸುವುದು ಸರಿಯೆನಿಸಲಿಲ್ಲ. ಒಂದು ಶನಿವಾರ ಮೈಸೂರಿನಿಂದ ಬಸ್ಸು ಹಿಡಿದು, ನಂಜನಗೂಡಿನಲ್ಲಿ ಇಳಿದು, ಅಲ್ಲಿಂದ ದೇವನೂರಿಗೆ ಹೋದೆ.

ನಂಜನಗೂಡು ಸೀಮೆಯ ಈ ಊರು ನಮ್ಮ ಓದುಗರಿಗೆ ಅಪರಿಚಿತವಲ್ಲ. ಗುರುಮಲ್ಲೇಶ್ವರರ ಮಠದಿಂದಾಗಿ ಭಕ್ತರಿಗೂ, ದೇವನೂರ ಮಹಾದೇವರ ಹುಟ್ಟೂರಾದುದರಿಂದ ಸಾಹಿತ್ಯಾಸಕ್ತರಿಗೂ ಇದರ ಹೆಸರು ಗೊತ್ತು. 1990ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯನ್ನು ಪಡೆದ 'ಕುಸುಮಬಾಲೆ'ಯನ್ನು ಓದಿದವರು ಬಲ್ಲರು: ಆ ನೆಲದ ಮಾತನ್ನು ಗ್ರಂಥದ ಕನ್ನಡಕ್ಕೆ ತಿದ್ದಿ ತೀಡದೆ, ಅದರ ಲಯದೊಡನೆಯೇ ಅಚ್ಚಿಗಿಳಿಸಿದ ಕೃತಿ ಅದು. ಧ್ವನಿಮುದ್ರಣದ ಪ್ರಸ್ತಾಪದಲ್ಲಿ ಪುಸ್ತಕದ ಮಾತೇಕೆ ಎಂದು ಯಾರಾದರೂ ಕೇಳಿಯಾರು. ಎರಡರ ಸಮಸ್ಯೆಯೂ ಒಂದೇ ಎಂಬುದು ಅಂದು ಸಂಜೆಯೇ ನನಗೆ ತಿಳಿಯಿತು.

ಈ ಸೀಮೆ ಹಾಡಿನ ಸೀಮೆ. ತಂಬೂರಿ ಹಿಡಿದು ತತ್ತ್ವಪದ ಹಾಡುವವರು ಇಲ್ಲುಂಟು. ಮಂಟೇಸ್ವಾಮಿಯ ಕಥೆಯನ್ನು ಹಾಡುವ ನೀಲಗಾರರುಂಟು. ಕಂಸಾಳೆ ಹಿಡಿದು ಮಾದೇಶ್ವರನ ಕಥೆಯನ್ನು ಹಾಡುವ ದೇವರಗುಡ್ಡರುಂಟು. ಮಂಟೇಸ್ವಾಮಿಯ ಮಹಾಕಾವ್ಯವನ್ನು ಹಿ.ಚಿ. ಬೋರಲಿಂಗಯ್ಯನವರ ಸಂಪಾದಕತ್ವದಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯವು 1997ರಲ್ಲಿ ಪ್ರಕಟಿಸಿತು. ಅದು ದೊಡ್ಡ ಕೆಲಸವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅಚ್ಚಿನಲ್ಲಿ ಮಾತು ನಿಂತೀತೇ ಹೊರತು ದನಿ ನಿಲ್ಲದು. ಎಲ್ಲಿ ಉಸಿರೆಳೆದರು, ಎಲ್ಲಿ ಹಿಮ್ಮೇಳದವರು ಸೊಲ್ಲನ್ನು ಎತ್ತಿಕೊಂಡರು, ಯಾವ ಮಾತಿಗೆ ತಂಬೂರಿಯ ಮೀಟು ತಡವಾಯಿತು ಎಂಬುದೆಲ್ಲ ಕಿವಿಯಿಂದ ಕಿವಿಗೆ ಮಾತ್ರ ಸಾಗಿ ಬಂದಿರುವ ಸಂಪತ್ತು.

ನಾನು ಹೋದ ಮನೆಯಲ್ಲಿ ಈ ಸಂಪತ್ತು ಈಗಾಗಲೇ ಎರಡು ಸಲ ಕೈತಪ್ಪಿ ಹೋಗಿತ್ತು. ತಾತನ ಅಣ್ಣನವರ ಹಾಡನ್ನು ಬಹಳ ಹಿಂದೆ ಯಾರೋ ಕ್ಯಾಸೆಟ್ಟಿಗೆ ಇಳಿಸಿದ್ದರು. ಅದು ಮಾಡಿನ ಗೂಡಿನಲ್ಲಿ ಕುಳಿತು ಬೂಷ್ಟು ಹಿಡಿದು, ಸುರುಳಿ ಒಂದಕ್ಕೊಂದು ಅಂಟಿಕೊಂಡಿದೆ. ಹೋದ ವರ್ಷ ಮೊಮ್ಮಗನೊಬ್ಬ ತಾತನ ಎರಡು ಹಾಡುಗಳನ್ನು ಮೊಬೈಲಿನ ಯಾವುದೋ ಆಪ್‌ನಲ್ಲಿ ಹಿಡಿದಿದ್ದನಂತೆ. ಮೊಬೈಲು ಕೆಟ್ಟಿತು, ಹೊಸ ಮೊಬೈಲಿನಲ್ಲಿ ಆ ಆಪ್ ಸಿಕ್ಕಲಿಲ್ಲ, ನಕಲು ಮಾಡಿಟ್ಟಿದ್ದ ಕಡತವನ್ನು ಬೇರಾವ ಆಪ್ ಕೂಡ ತೆರೆಯಲಿಲ್ಲ. ಹಾಡು ಇದ್ದೂ ಇಲ್ಲದಂತಾಯಿತು.

ಆದುದರಿಂದ "ಯಾವ ತಂತ್ರಾಂಶ ಒಳ್ಳೆಯದು?" ಎಂಬ ಪ್ರಶ್ನೆಯ ಹಿಂದೆ "ಯಾವುದು ಹಾಡನ್ನು ಕೆಡಿಸದೆ ಹಿಡಿದೀತು? ಹಿಡಿದುದನ್ನು ಎಷ್ಟು ಕಾಲ ಕೊಟ್ಟೀತು?" ಎಂಬ ಎರಡು ಪ್ರಶ್ನೆಗಳು ಅಡಗಿವೆ. ಈ ಪ್ರಶ್ನೆಗಳು ಹೊಸವಲ್ಲ. ನಮ್ಮ ದೇಶದಲ್ಲಿ ಧ್ವನಿಮುದ್ರಣ ಕಾಲಿಟ್ಟ ದಿನದಿಂದಲೂ ಇವೆ.

1902ರ ನವೆಂಬರಿನಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಎಂಬಾತ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಎಂಬ ಪ್ರಸಿದ್ಧ ಗಾಯಕಿಯ ಹಾಡನ್ನು ಮುದ್ರಿಸಿಕೊಂಡ. ಆ ಕಾಲದ ತಟ್ಟೆಯಲ್ಲಿ ಹಿಡಿಸುತ್ತಿದ್ದುದು ಸುಮಾರು ಮೂರು ನಿಮಿಷದ ಸಂಗೀತ ಮಾತ್ರ. ಗಂಟೆಗಟ್ಟಲೆ ಬೆಳೆಸಬಲ್ಲ ರಾಗವನ್ನು ಆಕೆ ಮೂರು ನಿಮಿಷಕ್ಕೆ ಅಡಕಿಸಿ ಹಾಡಿದಳು. ಕೊನೆಯಲ್ಲಿ ತನ್ನ ಹೆಸರನ್ನು ತಾನೇ ಗಟ್ಟಿಯಾಗಿ ಹೇಳಿದಳು. ತಟ್ಟೆಗಳು ಅಚ್ಚಾಗುತ್ತಿದ್ದುದು ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿನ ಕೆಲಸಗಾರರಿಗೆ ಹಾಡಿದವರು ಯಾರೆಂದು ತಿಳಿಯಲು ಬೇರೆ ಉಪಾಯವಿರಲಿಲ್ಲ. ಅದೇ ಗೌಹರ್ ಜಾನ್ 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ ಬಂದು, 1930ರ ಜನವರಿಯಲ್ಲಿ ನಮ್ಮ ಮೈಸೂರಿನಲ್ಲೇ ಕಣ್ಮುಚ್ಚಿದಳು. ಇಂದಿಗೂ ಆಕೆಯ ದನಿಯನ್ನು ನಾವು ಕೇಳಬಹುದಾಗಿದೆ. ಯಂತ್ರ ಹಾಡನ್ನು ಉಳಿಸಿತು, ನಿಜ. ಆದರೆ ಕತ್ತರಿಸಿಯೂ ಉಳಿಸಿತು.

ಇಂದಿನ ಯಂತ್ರ ಹಾಡಿನ ಉದ್ದವನ್ನು ಕತ್ತರಿಸುವುದಿಲ್ಲ. ಅದು ಕತ್ತರಿಸುವುದು ಬೇರೆ ಕಡೆ. ಅದನ್ನು ಅಂದು ಸಂಜೆ ಜಗುಲಿಯ ಮೇಲೆ ಕಣ್ಣಾರೆ ಕಂಡೆ.

ತರುಣರು ಆ ವೇಳೆಗೆ ಯಾರೋ ಸ್ನೇಹಿತರು ಹಾಕಿಕೊಟ್ಟ ತಂತ್ರಾಂಶವೊಂದರಲ್ಲಿ ಪ್ರಯೋಗ ನಡೆಸಿದ್ದರು. ಅದನ್ನು ತೆರೆದೊಡನೆ ಪರದೆಯ ಮೇಲೆ ಚೌಕುಳಿ ಹಾಕಿದ ಕಾಗದದಂತೆ ಗೆರೆಗಳು ಮೂಡಿ, ಕಿವಿಗೆ ಹಾಕಿಕೊಂಡ ಹೆಡ್‌ಫೋನಿನಲ್ಲಿ ಗಡಿಯಾರದಂತೆ ಟಿಕ್ಕು ಟಿಕ್ಕು ಸದ್ದು ಕೇಳುತ್ತದೆ. ಆ ಸದ್ದಿಗೆ ಸರಿಯಾಗಿ ಮೊದಲು ದಮ್ಮಡಿಯನ್ನು ಮುದ್ರಿಸುವುದು, ಅದರ ಮೇಲೆ ಹಾರ್ಮೋನಿಯಂ, ಅದರ ಮೇಲೆ ಗಿಟಾರು. ಎಲ್ಲ ಮುಗಿದ ಮೇಲೆ ತಾತನನ್ನು ಒಬ್ಬರೇ ಕೂಡಿಸಿ, ಅದೇ ಟಿಕ್ಕು ಟಿಕ್ಕನ್ನು ಕೇಳಿಸುತ್ತ ಹಾಡಿಸುವುದು. ಇದು ಇವರ ಯೋಜನೆ. ಸಿನಿಮಾ ಹಾಡುಗಳು ಬಹುಮಟ್ಟಿಗೆ ತಯಾರಾಗುವುದು ಹೀಗೆಯೇ ಆದುದರಿಂದ ಇವರನ್ನು ದೂರುವಂತಿಲ್ಲ.

ತಾತ ಹೆಡ್‌ಫೋನು ಹಾಕಿಕೊಂಡು ಎರಡು ಸಾಲು ಹಾಡಿ ನಿಲ್ಲಿಸಿಬಿಟ್ಟರು. ಮತ್ತೆ ಹಾಡಿಸಿದರು, ಮತ್ತೆ ನಿಂತಿತು.

"ಯಾಕೆ ಯಜಮಾನರೆ, ಆಯಾಸವಾಯಿತೆ?" ಎಂದು ಕೇಳಿದೆ.

"ಆಯಾಸ ಇಲ್ಲ ಸ್ವಾಮೀ. ನಾನು ಯಾರ ಹೆಜ್ಜೆಗೆ ಹೆಜ್ಜೆ ಹಾಕ್ಲಿ, ಹಾಡ್ಗೋ, ಈ ಟಿಕ್ಕು ಟಿಕ್ಕಿಗೋ?" ಎಂದರು. ಆಮೇಲೆ ಮೊಮ್ಮಗನ ಕಡೆ ತಿರುಗಿ, "ಅಲ್ಲ ಕಣ್ ಮಗ, ನೀನು ಎದುರ್ಗೆ ಕೂತು ಸೊಲ್ ಹಿಡೀದೆ ನಾನು ಮುಂದ್ಕೆ ಹೆಂಗೋಗ್ಲಿ?" ಎಂದರು.

ಈ ಎರಡು ಮಾತುಗಳಲ್ಲಿ ಇಡೀ ವಿಷಯ ಅಡಗಿತ್ತು. ತಂಬೂರಿ ಪದದ ಲಯ ಗಡಿಯಾರದ ಲಯವಲ್ಲ. ಕಥೆ ಓಡುವಲ್ಲಿ ಓಡುತ್ತದೆ. ದುಃಖದ ಕಡೆ ನಿಲ್ಲುತ್ತದೆ. ಹಿಮ್ಮೇಳದವರ ಉಸಿರನ್ನು ಕಾದು ಮತ್ತೆ ಹೊರಡುತ್ತದೆ. ಟಿಕ್ಕು ಟಿಕ್ಕಿಗೆ ಕಟ್ಟಿಹಾಕಿದರೆ ಪ್ರತಿ ಹೆಜ್ಜೆಯೂ ಸರಿಯಾಗಿದ್ದು ನಡಿಗೆಯೇ ತಪ್ಪಾಗುತ್ತದೆ. ಸ್ವರದ ಮಾತೂ ಹೀಗೆಯೇ. 1997ರಲ್ಲಿ ಬಂದ 'ಆಟೋ ಟ್ಯೂನ್' ಎಂಬ ಸಾಧನವೂ ಅದರ ಮಾದರಿಯಲ್ಲಿ ಆಮೇಲೆ ಬಂದವುಗಳೂ ಹಾಡುಗಾರನ ಸ್ವರವನ್ನು ಹತ್ತಿರದ ಹಾರ್ಮೋನಿಯಂ ಮನೆಗೆ ಎಳೆದು ಕೂಡಿಸಬಲ್ಲವು. ಎರಡು ಮನೆಗಳ ನಡುವೆ ಜಾರಿ ನಿಲ್ಲುವುದೇ ಸೊಗಸಾಗಿರುವ ಹಾಡಿಗೆ ಈ ಉಪಕಾರ ಬೇಕಿಲ್ಲ.

ಟಿಕ್ಕು ಟಿಕ್ಕನ್ನು ಆರಿಸಿ, ಹೆಡ್‌ಫೋನುಗಳನ್ನು ತೆಗೆಸಿ, ಎಲ್ಲರನ್ನೂ ಅರ್ಧಚಂದ್ರಾಕಾರವಾಗಿ ಕೂಡಿಸಿ, ಎರಡೇ ಮೈಕಿನಲ್ಲಿ ಅದೇ ಹಾಡನ್ನು ಒಟ್ಟಿಗೆ ಹಾಡಿಸಿದೆವು. ಒಂದೆಡೆ ದಮ್ಮಡಿ ತುಸು ಮುಂದೆ ಹೋಯಿತು. ಇನ್ನೊಂದೆಡೆ ಬೀದಿಯಲ್ಲಿ ನಾಯಿ ಬೊಗಳಿತು. ಆದರೆ ಎರಡು ಮುದ್ರಣಗಳನ್ನೂ ಕೇಳಿಸಿದಾಗ ಒಳಮನೆಯಿಂದ ಬಂದ ಅಜ್ಜಿ, ಮೊದಲನೆಯದಕ್ಕೆ "ಯಾರು ಹಾಡಿರೋದು?" ಎಂದು ಕೇಳಿ, ಎರಡನೆಯದಕ್ಕೆ ಮಾತಿಲ್ಲದೆ ಕಂಬಕ್ಕೊರಗಿ ಕುಳಿತರು. ಅದಕ್ಕಿಂತ ದೊಡ್ಡ ಪರೀಕ್ಷೆ ಯಾವುದೂ ಬೇಕಾಗಲಿಲ್ಲ.

ಇನ್ನು ತಂತ್ರಾಂಶಗಳ ವಿಚಾರ. ಹವ್ಯಾಸಿ ತಂಡದವರು ನೋಡಬೇಕಾದುವು ಹೆಚ್ಚೆಂದರೆ ನಾಲ್ಕೈದು.

ಮೊದಲನೆಯದು ಆಡ್ಯಾಸಿಟಿ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯದಲ್ಲಿ ಡಾಮಿನಿಕ್ ಮಝೋನಿ, ರೋಜರ್ ಡ್ಯಾನೆನ್‌ಬರ್ಗ್ ಎಂಬಿಬ್ಬರು ಆರಂಭಿಸಿ 2000ದಲ್ಲಿ ಬಿಡುಗಡೆ ಮಾಡಿದರು. ಇದಕ್ಕೆ ಹಣ ಕೊಡಬೇಕಾಗಿಲ್ಲ. ಇದರ ಮೂಲಲಿಪಿಯೂ ಎಲ್ಲರಿಗೂ ತೆರೆದಿದೆ. ಹಳೆಯ ಲ್ಯಾಪ್‌ಟಾಪಿನಲ್ಲಿಯೂ ನಡೆಯುತ್ತದೆ. ಒಂದೆರಡು ಮೈಕಿನಿಂದ ಹಾಡನ್ನು ಹಿಡಿದು, ಮೊದಲು ಕೊನೆಗಳನ್ನು ಕತ್ತರಿಸಿ, ಸದ್ದನ್ನು ಹದಮಾಡಿ ಇಡುವ ಕೆಲಸಕ್ಕೆ ಇದಕ್ಕಿಂತ ಸರಳವಾದುದು ಬೇಡ. ಆದರೆ ನಾಲ್ಕು ಮೈಕುಗಳನ್ನು ಏಕಕಾಲದಲ್ಲಿ ನಾಲ್ಕು ಬೇರೆ ಪಟ್ಟಿಗಳಿಗೆ ಇಳಿಸಬೇಕೆಂದರೆ ಇದರಲ್ಲಿ ತೊಡಕುಂಟು.

ಆ ಕೆಲಸಕ್ಕೆ ರೀಪರ್ ಒಳ್ಳೆಯದು. ಹಿಂದೆ ನಮ್ಮ ಮನೆಮನೆಯ ಗಣಕಯಂತ್ರದಲ್ಲಿ ಹಾಡು ಕೇಳಿಸುತ್ತಿದ್ದ ವಿನ್‌ಆಂಪನ್ನು ಬರೆದ ಜಸ್ಟಿನ್ ಫ್ರಾಂಕೆಲ್ ಎಂಬಾತನದೇ ಇದು. ಇದರ ಮೊದಲ ಪೂರ್ಣ ಆವೃತ್ತಿ 2006ರಲ್ಲಿ ಬಂದಿತು. 60 ದಿನ ಯಾವ ಕಟ್ಟುಪಾಡೂ ಇಲ್ಲದೆ ಬಳಸಿ ನೋಡಬಹುದು. ಒಪ್ಪಿಗೆಯಾದರೆ ಹವ್ಯಾಸಿಗಳು ಕೊಡಬೇಕಾದ ಬೆಲೆ 60 ಡಾಲರು, ಎಂದರೆ ಐದು ಸಾವಿರ ರೂಪಾಯಿಗಳ ಆಸುಪಾಸು. ಕಲಿಯಲು ತಾಳ್ಮೆ ಬೇಕು; ಮೊದಲ ವಾರ ಗುಂಡಿಗಳ ಕಾಡಿನಲ್ಲಿ ದಾರಿ ತಪ್ಪುವುದು ಸಹಜ. ಲಿನಕ್ಸ್ ಬಳಸುವವರಿಗೆ ಇದೇ ಬಗೆಯ ಆರ್ಡೊರ್ ಎಂಬುದೂ ಇದೆ. ಅದರ ಮೂಲಲಿಪಿಯೂ ತೆರೆದದ್ದು.

ಮನೆಯಲ್ಲಿ ಆಪಲ್ ಕಂಪನಿಯ ಗಣಕವೋ ಐಪ್ಯಾಡೋ ಇದ್ದರೆ ಬೇರೆ ಹುಡುಕಾಟ ಬೇಡ. 2004ರಲ್ಲಿ ಬಂದ ಗ್ಯಾರೇಜ್‌ಬ್ಯಾಂಡ್ ಪುಕ್ಕಟೆಯಾಗಿ ಸಿಕ್ಕುತ್ತದೆ, ಚೆನ್ನಾಗಿಯೂ ಇದೆ. ಆದರೆ ಅದು ಆ ಕಂಪನಿಯ ಯಂತ್ರಗಳ ಹೊರಗೆ ಹೆಜ್ಜೆಯಿಡುವುದಿಲ್ಲ. ತಂಡದವರು ಬೇರೆ ಬೇರೆ ಊರಿನಲ್ಲಿದ್ದರೆ ಬ್ಯಾಂಡ್‌ಲ್ಯಾಬ್ ನೆರವಾಗುತ್ತದೆ. ಮೊಬೈಲಿನಲ್ಲಿಯೂ ನಡೆಯುವ ಇದರಲ್ಲಿ ಒಬ್ಬರು ಹಾಡಿದುದರ ಮೇಲೆ ಇನ್ನೊಬ್ಬರು ತಮ್ಮ ಊರಿನಿಂದಲೇ ನುಡಿಸಿ ಸೇರಿಸಬಹುದು. ದೇವನೂರಿನ ತಂಡದ ಗಿಟಾರಿನ ಹುಡುಗ ಬೆಂಗಳೂರಿನಲ್ಲಿ ಕೆಲಸದಲ್ಲಿರುವುದರಿಂದ ಅಭ್ಯಾಸಕ್ಕೆ ಇದು ಉಪಯುಕ್ತವೆಂದು ಹೇಳಿದೆ. ಆದರೆ ಹಾಡು ಇರುವುದು ದೂರದ ಯಾರದೋ ಉಗ್ರಾಣದಲ್ಲಿ. ಅಭ್ಯಾಸಕ್ಕೆ ಸರಿ; ತಾತನ ಹಾಡಿಗೆ ಅದೊಂದೇ ನೆಲೆಯಾಗಬಾರದು.

"ಸಾರ್, ಪೇಟೆಯಲ್ಲಿ ದೊಡ್ಡ ಸ್ಟುಡಿಯೋದವರು ಬಳಸುವುದನ್ನೇ ಪುಕ್ಕಟೆಯಾಗಿ ಹಾಕಿಕೊಡುತ್ತಾರಂತೆ" ಎಂದ ಒಬ್ಬ. ಬೀಗ ಒಡೆದ ಇಂಥ ನಕಲುಗಳ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ಪಷ್ಟ. ಅದು ಕಳವು. ಜೊತೆಗೆ ಬರುವ ವೈರಸ್ಸು ಇಡೀ ಲ್ಯಾಪ್‌ಟಾಪಿನ ಸರಕನ್ನೇ ನುಂಗಬಹುದು. ಪ್ರಾಮಾಣಿಕವಾದ ದಾರಿ ಇಷ್ಟು ಸುಲಭವಾಗಿ ತೆರೆದಿರುವಾಗ ಆ ದಾರಿ ಹಿಡಿಯಲು ಕಾರಣವೇ ಇಲ್ಲ.

ಹೆಡ್‌ಫೋನಿನಲ್ಲಿ ತನ್ನ ದನಿ ತನಗೇ ತಡವಾಗಿ ಕೇಳಿಸುತ್ತದೆಂಬ ದೂರು ಹೊಸಬರಲ್ಲಿ ಸಾಮಾನ್ಯ. ಗಣಕಯಂತ್ರ ಸದ್ದನ್ನು ಕಂತುಕಂತಾಗಿ ತೆಗೆದುಕೊಳ್ಳುವುದೇ ಇದಕ್ಕೆ ಕಾರಣ. ಸೆಕೆಂಡಿಗೆ 48,000 ತುಣುಕುಗಳ ಲೆಕ್ಕದಲ್ಲಿ 1,024 ತುಣುಕುಗಳ ಕಂತಿಗೆ ಸುಮಾರು 21 ಮಿಲಿಸೆಕೆಂಡು ಬೇಕು. ಗಾಳಿಯಲ್ಲಿ ಸದ್ದು ಅಷ್ಟರಲ್ಲಿ 7 ಮೀಟರು ಸಾಗಿರುತ್ತದೆ. ಎಂದರೆ, ಹಾಡುಗಾರ ತನ್ನ ದನಿಯನ್ನು ಬೀದಿಯ ಆಚೆಬದಿಯಿಂದ ಕೇಳಿದಂತೆ! ಕಂತನ್ನು 256ಕ್ಕೆ ಇಳಿಸಿದರೆ ಈ ದೂರ ಎರಡು ಮೀಟರಿಗೆ ಬರುತ್ತದೆ. ಹಲವು ತಂತ್ರಾಂಶಗಳಲ್ಲಿ ಇದನ್ನು ಬದಲಿಸಬಹುದು. ಹಳೆಯ ಲ್ಯಾಪ್‌ಟಾಪು ಇದನ್ನು ತಾಳದೆ ಪಟಪಟನೆ ಸದ್ದು ಮಾಡಿದರೆ, ಹೆಡ್‌ಫೋನಿಲ್ಲದೆ ಒಟ್ಟಿಗೆ ಕುಳಿತು ಹಾಡುವುದೇ ಪರಿಹಾರ.

ಇಷ್ಟಾಗಿ, ತಂತ್ರಾಂಶಕ್ಕಿಂತ ಹೆಚ್ಚಿನ ಗುಣಾವಗುಣ ಮೈಕಿನಲ್ಲಿಯೂ ಕೋಣೆಯಲ್ಲಿಯೂ ಇದೆ. ತಾರಸಿಯ ಕೋಣೆಯ ಬರಿಗೋಡೆಗಳು ಸದ್ದನ್ನು ಹಿಂದಕ್ಕೆಸೆಯುತ್ತವೆ. ಒಂದೆರಡು ಕಂಬಳಿ, ಕೌದಿಗಳನ್ನು ಇಳಿಬಿಟ್ಟರೆ ಸೌಮ್ಯವಾಗುತ್ತದೆ. ಫ್ಯಾನನ್ನು ಆರಿಸಬೇಕು. ಪಂಪ್‌ಸೆಟ್ಟು ಓಡುವ ಹೊತ್ತನ್ನು ಬಿಡಬೇಕು. ಹಾಡುವವರ ಬಾಯಿಂದ ಮೈಕು ಒಂದು ಗೇಣು ದೂರವಿದ್ದರೆ, ಒಂದು ಮೈಕಿನಿಂದ ಇನ್ನೊಂದು ಮೈಕು ಕನಿಷ್ಠ ಮೂರು ಗೇಣು ದೂರವಿರಲಿ. ಇಲ್ಲವಾದರೆ ಒಂದರ ದನಿ ಇನ್ನೊಂದಕ್ಕೆ ನುಗ್ಗಿ ಎರಡೂ ಕೆಡುತ್ತವೆ. ದಮ್ಮಡಿಯವರು ಹಿಂದೆ ಕೂಡಲಿ. ಸದ್ದಿನ ಮಟ್ಟ ಕೆಂಪು ಗೆರೆಯ ಬಳಿ ಸುಳಿಯದೆ, ಅತಿ ಎತ್ತರದ ದನಿಗೂ ಮೈನಸ್ 12 ಡೆಸಿಬೆಲ್ಲಿನ ಹತ್ತಿರ ಇರಲಿ. ಮೆಲ್ಲಗೆ ಹಿಡಿದುದನ್ನು ಆಮೇಲೆ ಏರಿಸಬಹುದು. ಒಡೆದು ಮುದ್ರಿತವಾದ ದನಿಯನ್ನು ಯಾವ ತಂತ್ರಾಂಶವೂ ಮೊದಲಿನಂತೆ ಮಾಡಲಾರದು.

ಕೊನೆಯದು, ಆದರೆ ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದುದು, ಹಾಡನ್ನು ಇಡುವ ಬಗೆ. ಪ್ರತಿಯೊಂದು ತಂತ್ರಾಂಶವೂ ತನ್ನದೇ ಬಗೆಯ ಕಡತದಲ್ಲಿ ಕೆಲಸವನ್ನು ಉಳಿಸುತ್ತದೆ. ಅದನ್ನು ನಂಬಿ ಕುಳಿತರೆ, ಆ ತಂತ್ರಾಂಶ ಹೋದ ದಿನ ಹಾಡೂ ಹೋಯಿತು. ಈ ಮನೆಯ ಮೊಬೈಲಿನ ಕಥೆ ಇದೇ. ಆದುದರಿಂದ ಮುದ್ರಣ ಮುಗಿದ ದಿನವೇ, ಏನೊಂದು ತಿದ್ದುಪಡಿಯನ್ನೂ ಮಾಡುವ ಮುನ್ನ, ಪ್ರತಿ ಪಟ್ಟಿಯನ್ನೂ 'ವೇವ್' ಕಡತವಾಗಿ ತೆಗೆದಿಡಬೇಕು. ಅದನ್ನು ತೆರೆಯದ ತಂತ್ರಾಂಶ ಬಹುಶಃ ಇಲ್ಲ. ಅದೂ 24 ಬಿಟ್ಟಿನಲ್ಲಿರಲಿ. 1982ರಲ್ಲಿ ಬಂದ ಸಿ.ಡಿ.ಯಲ್ಲಿ ಸದ್ದಿನ ಏರಿಳಿತವನ್ನು ಅಳೆಯಲು 65,536 ಮೆಟ್ಟಿಲುಗಳಿದ್ದರೆ, ಇದರಲ್ಲಿ ಒಂದು ಕೋಟಿ ಅರುವತ್ತೇಳು ಲಕ್ಷಕ್ಕೂ ಮೇಲ್ಪಟ್ಟು ಇವೆ. ಒಂದು ಮೈಕಿನ ಒಂದು ಗಂಟೆಯ ಹಾಡಿಗೆ ಸುಮಾರು 518 ಮೆಗಾಬೈಟು ಜಾಗ ಬೇಕು. ನಾಲ್ಕು ಮೈಕಾದರೆ ಎರಡು ಗಿಗಾಬೈಟಿಗೆ ತುಸು ಹೆಚ್ಚು. ಇಂದಿನ ದಿನ ಇದು ಭಾರವಲ್ಲ. ಎಂ.ಪಿ.3 ಎಂಬುದು ಸದ್ದಿನ ಒಂದಷ್ಟನ್ನು ಕಳೆದು ಹಗುರ ಮಾಡಿದ ರೂಪ; ನೆಂಟರಿಗೆ ಕಳುಹಿಸಲು ಸಾಕು, ಮೂಲಪ್ರತಿಯಾಗಿ ಇಡಲು ಸಲ್ಲದು.

ಪ್ರತಿಗಳು ಮೂರಿರಲಿ: ಲ್ಯಾಪ್‌ಟಾಪಿನಲ್ಲೊಂದು, ಹೊರಗಿನ ಹಾರ್ಡ್‌ಡಿಸ್ಕಿನಲ್ಲೊಂದು, ಬೇರೆ ಊರಿನ ನೆಂಟರ ಮನೆಯಲ್ಲೊಂದು. ಗೂಡಿನಲ್ಲಿಟ್ಟ ಒಂದೇ ಒಂದು ಪ್ರತಿಯ ಗತಿ ಏನೆಂಬುದನ್ನು ಆ ಕ್ಯಾಸೆಟ್ಟೇ ಹೇಳುತ್ತಿದೆ. ಅದನ್ನು ಬಿಸಾಡಬೇಡಿ, ತಿರುಗಿಸಲೂ ಹೋಗಬೇಡಿ, ಹಳೆಯ ಸುರುಳಿಗಳನ್ನು ಶುಚಿಮಾಡಿ ನಕಲು ಮಾಡಬಲ್ಲವರ ಕೈಗೆ ಕೊಟ್ಟು ನೋಡಿ ಎಂದು ಹೇಳಿದೆ.

ಹೀಗೆಲ್ಲ ಚರ್ಚಿಸಿ ನಾವು ಬಂದ ತೀರ್ಮಾನ ಇಷ್ಟು. ತಾತನ ಹಾಡುಗಳಿಗೆ ಈ ತಿಂಗಳಿಂದಲೇ ಆಡ್ಯಾಸಿಟಿ, ಎರಡು ಮೈಕು, ಎಲ್ಲರೂ ಕೂಡಿ ಹಾಡುವುದು. ಇದಕ್ಕೆ ತಂತ್ರಾಂಶದ ಖರ್ಚಿಲ್ಲ, ಆದುದರಿಂದ ಕಾಯುವ ಕಾರಣವೂ ಇಲ್ಲ. ತರುಣರ ಸ್ವಂತ ಹಾಡುಗಳಿಗೆ ರೀಪರನ್ನು 60 ದಿನ ಬಳಸಿ ನೋಡುವುದು, ಒಗ್ಗಿದರೆ ಐವರೂ ಚಂದಾ ಎತ್ತಿ ಕೊಳ್ಳುವುದು. ಅವರ ಹಾಡಿಗೆ ಟಿಕ್ಕು ಟಿಕ್ಕು ಬೇಕಾದರೆ ಧಾರಾಳವಾಗಿ ಇಟ್ಟುಕೊಳ್ಳಲಿ. ಅದು ಅವರ ಹೆಜ್ಜೆ. ಹಾಡಿಗೆ ತಕ್ಕ ಯಂತ್ರವನ್ನು ಆರಿಸಬೇಕೇ ಹೊರತು ಯಂತ್ರಕ್ಕೆ ತಕ್ಕಂತೆ ಹಾಡನ್ನು ಬಾಗಿಸಬಾರದು. ಮಾತಿಗೆ ತಕ್ಕಂತೆ ಬರಹವನ್ನು ಬಾಗಿಸಿದ 'ಕುಸುಮಬಾಲೆ'ಯ ಊರಿನವರಿಗೆ ಇದನ್ನು ನಾನು ಹೇಳಿಕೊಡಬೇಕಾಗಿರಲಿಲ್ಲ.

ಹೊರಡುವ ಮುನ್ನ ಇನ್ನೊಂದು ಮುದ್ರಣವಾಯಿತು. ಗೌಹರ್ ಜಾನಳ ಕಥೆಯನ್ನು ಕೇಳಿದ್ದ ಮೊಮ್ಮಗ, "ತಾತ, ಹಾಡು ಮುಗಿದ ಮೇಲೆ ನಿನ್ನ ಹೆಸರು ಹೇಳು" ಎಂದ. ಮುಂದೆ ಯಾರಾದರೂ ಈ ಕಡತವನ್ನು ತೆರೆದರೆ ಹಾಡಿದವರು ಯಾರು, ಯಾವ ಊರು, ಯಾವ ದಿನ ಎಂಬುದು ದನಿಯಲ್ಲೇ ಇರಬೇಕಲ್ಲವೆ? ತಾತನಿಗೆ ಸಂಕೋಚವಾಯಿತು. "ಹಾಡ್ದೋನ ಹೆಸರು ಯಾಕ್ಲ ಮಗ?" ಎಂದರು.

ಹಾಡು ಮುಗಿಯಿತು. ತಂಬೂರಿಯ ನಾದ ಅಡಗುವವರೆಗೂ ಯಾರೂ ಗುಂಡಿಯನ್ನು ಒತ್ತಲಿಲ್ಲ. ಆಮೇಲೆ ತಾತ ಮೊದಲು ತಮ್ಮ ಗುರುವಿನ ಹೆಸರನ್ನು ಹೇಳಿದರು. ಬೂಷ್ಟು ಹಿಡಿದ ಕ್ಯಾಸೆಟ್ಟಿನಲ್ಲಿರುವ ಅಣ್ಣನ ಹೆಸರನ್ನು ಹೇಳಿದರು. ಅನಂತರ ಮೆಲ್ಲಗೆ ತಮ್ಮ ಹೆಸರನ್ನೂ ಹೇಳಿ, "ದೇವನೂರು" ಎಂದು ನಿಲ್ಲಿಸಿದರು. ಮೊಮ್ಮಗ ಅಂದೇ ರಾತ್ರಿ ಅದರ ಮೂರು ಪ್ರತಿಗಳನ್ನು ಮಾಡಿದ. ಮೂರನೆಯದು ನನ್ನ ಮನೆಯಲ್ಲಿದೆ.